ಅಣುಬಾಂಬ್: ಇಟ್ಟುಕೊಳ್ಳೋದಾ, ಇಳಿಸೋದಾ, ಬಿಡೋದಾ?

ಅಣುಬಾಂಬ್ ಇಟ್ಟುಕೊಳ್ಳುವುದು, ಸಂಖ್ಯೆ ಇಳಿಸುವುದು, ಪೂರ್ತಿ ಬಿಡುವುದು: ಚರ್ಚಾಸ್ಪರ್ಧೆಗೆ ಈ ಮೂರರಲ್ಲಿ ಯಾವ ಪಕ್ಷ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ನೆರೆಹೊರೆ ನೋಡಿ. ಭಾರತಕ್ಕೆ ಎರಡು ಕಡೆ ಬಾಂಬ್ ಇರುವ ದೇಶಗಳು. ಹಾಗಾಗಿ ಇಟ್ಟುಕೊಂಡು, ನಾವಾಗಿ ಮೊದಲು ಹಾಕುವುದಿಲ್ಲ ಎಂದು 2003ರಲ್ಲಿ ಘೋಷಿಸಿದ ನೀತಿ ಇಲ್ಲಿಗೆ ಹೊಂದುತ್ತದೆ. ದಕ್ಷಿಣ ಆಫ್ರಿಕಾಕ್ಕೆ ಅಂಥ ನೆರೆಯವರಿರಲಿಲ್ಲ. ಕಟ್ಟಿದ್ದ ಆರು ಬಾಂಬನ್ನೂ ಬಿಚ್ಚಿಹಾಕಿತು.

ಖರ್ಚು? ಇಟ್ಟುಕೊಂಡರೆ ಜಾಸ್ತಿ, ಬಿಟ್ಟರೆ ಕಡಿಮೆ, ಅಷ್ಟೇ.

ಇಳಿಸುವುದಾದರೆ ಕಷ್ಟ ಇರುವುದು ನಂಬಿಕೆಯಲ್ಲಿ: ಎದುರಾಳಿ ದೇಶವೂ ನಿಜವಾಗಿ ಇಳಿಸಿತೇ? 1987ರ ಒಪ್ಪಂದದಂತೆ ಅಮೆರಿಕ, ಸೋವಿಯತ್ ಒಕ್ಕೂಟ ಸೇರಿ ಅಣುಬಾಂಬ್ ಒಯ್ಯಬಲ್ಲ 2,692 ಕ್ಷಿಪಣಿ ನಾಶ ಮಾಡಿದವು. ಸುಮ್ನೆ ಬಾಯಿಮಾತಲ್ಲ. ರಷ್ಯಾದ ವೊಟ್ಕಿನ್ಸ್ಕ್ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲೇ ಅಮೆರಿಕದ ತಪಾಸಣೆಗಾರರು ವರ್ಷಗಟ್ಟಲೆ ಕಾವಲು ಕೂತಿದ್ದರು. ಎದುರಾಳಿ ದೇಶ ಇಂಥ ತಪಾಸಣೆಗೆ ಒಪ್ಪಿದರೆ ಇಳಿಸುವ ದಾರಿ ಒಳ್ಳೆಯದು. ಆದರೆ ಆ ಒಪ್ಪಂದವೂ 2019ರಲ್ಲಿ ಮುರಿದುಬಿತ್ತು. ಚರ್ಚೆಯಲ್ಲಿ ಎದುರು ಪಕ್ಷದವರು ಅದನ್ನೇ ಎತ್ತುತ್ತಾರೆ, ಉತ್ತರ ಇಟ್ಟುಕೊಂಡಿರಿ.