ಹಳೆ ಲ್ಯಾಪ್‌ಟಾಪ್‌ಗೆ ಮೊದಲು ರ‍್ಯಾಮೋ, ಎಸ್‌ಎಸ್‌ಡಿಯೋ?

ಅಪ್ಪನ ಲ್ಯಾಪ್‌ಟಾಪ್ ಒಂದು, ನನ್ನದೊಂದು. ಎರಡೂ ಥಿಂಕ್‌ಪ್ಯಾಡ್ ಎಕ್ಸ್220, 2011ರ ಮಾಡೆಲ್. ಎರಡರಲ್ಲೂ ತೆರೆದ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 10. ತುಂಬಾ ನಿಧಾನ ಅಂತ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ ಹತ್ತಿರದ ಅಂಗಡಿಗೆ ಒಯ್ದರೆ "ಭಂಗಾರ್‌ಗೆ ಹಾಕಿ" (ಗುಜರಿಗೆ ಹಾಕಿ) ಅಂದರು. ಆದರೆ ಆ ಕೀಬೋರ್ಡ್ ಬಿಟ್ಟು ಬೇರೆಯದರಲ್ಲಿ ಕನ್ನಡ ಟೈಪ್ ಮಾಡೋದು ಅಪ್ಪನಿಗೆ ಒಗ್ಗುವುದಿಲ್ಲ. ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಿಂದ ನನ್ನದಕ್ಕೆ ರ‍್ಯಾಮ್ ತಂದೆ, ಅಪ್ಪನದಕ್ಕೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಕೂರುವ, ಫೈಲುಗಳನ್ನು ಚಿಪ್ಪಿನಲ್ಲಿ ಇಡುವ ಎಸ್‌ಎಸ್‌ಡಿ.

ನನ್ನದು 8 ಜಿಬಿ ಆಯಿತು. ಬ್ರೌಸರ್‌ನಲ್ಲಿ ಹದಿನೈದು ಟ್ಯಾಬ್ ತೆರೆದರೂ ಈಗ ಒದ್ದಾಡುವುದಿಲ್ಲ. ಆದರೆ ಆನ್ ಆಗೋಕೆ ಮೊದಲಿನಂತೆ ಎರಡೂವರೆ ನಿಮಿಷವೇ ಬೇಕು. ಕೊಳ್ಳುವಾಗ ಲ್ಯಾಪ್‌ಟಾಪಿನ ಡಿಡಿಆರ್3 ಬಗೆಯದ್ದು ಅಂತಲೇ ಕೇಳಿ. ಮುಂದಿನ ಪೀಳಿಗೆಯ ಡಿಡಿಆರ್4ರ ಕಚ್ಚು ಬೇರೆ ಕಡೆ ಇರುತ್ತದೆ, ಕೂರುವುದೇ ಇಲ್ಲ.

ಅಪ್ಪನದರ ಕಥೆಯೇ ಬೇರೆ. ಒಂದೇ ಸ್ಕ್ರೂ ಬಿಚ್ಚಿ, ಹಳೆ ಡಿಸ್ಕ್ ಎಳೆದು, ಎಸ್‌ಎಸ್‌ಡಿ ಒಳಗೆ ತಳ್ಳಿದೆ. 7 ಮಿ.ಮೀ. ದಪ್ಪದ್ದೇ ಬೇಕು, ನೆನಪಿರಲಿ. ಹೋಲಿಕೆ ಸರಿಯಾಗಿರಲಿ ಅಂತ ಹಳೆ ವಿಂಡೋಸನ್ನೇ ಇದ್ದ ಹಾಗೇ ನಕಲು (ಕ್ಲೋನ್) ಮಾಡಿದ್ದೆ. ಅರ್ಧ ನಿಮಿಷದೊಳಗೆ ಆನ್! ಆನ್ ಒತ್ತಿ ಚಹಾ ಇಡೋಕೆ ಹೋಗುವುದು ಅಪ್ಪನ ರೂಢಿ. ಅವತ್ತು "ಆಗಲೇ ಬಂತಲ್ಲೋ!" ಅಂತ ಬಾಗಿಲಿನಿಂದಲೇ ವಾಪಸ್ ಬಂದು ಕೂತರು. ಆನ್ ಆಗುವಾಗ ಸಾವಿರಾರು ಚಿಕ್ಕ ಫೈಲ್ ಓದಬೇಕು, ಅಲ್ವಾ? 5400ರ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಫೈಲ್ ಇರುವ ಜಾಗ ತಿರುಗಿ ಬರುವ ತನಕ ಕಾಯಲೇಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ. ರ‍್ಯಾಮ್ ಜಾಸ್ತಿ ಮಾಡಿದರೂ ಆನ್ ಆಗುವಾಗಿನ ಆ ಕಾಯುವಿಕೆ ತಪ್ಪದು.

ದುಡ್ಡು ಹಾಕದ ದಾರಿಯೂ ಇದೆ: ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ, ಲಿನಕ್ಸ್ ಮಿಂಟ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ನನ್ನ ಹಳೆ ಡಿಸ್ಕಿಗೇ ಮಿಂಟ್ ಹಾಕಿ ನೋಡಿದೆ. ಹಗುರಾಯಿತು, ಆದರೂ ಬ್ರೌಸರ್ ಮೊದಲ ಸಲ ತೆರೆಯೋಕೆ ತಡವೇ. ಎಸ್‌ಎಸ್‌ಡಿ ಇರುವ ಅಪ್ಪನದರಲ್ಲಿ ಅದೇ ಮಿಂಟ್ ಸರಾಗವಾಗಿ ಓಡುತ್ತದೆ. ಮಿಂಟ್‌ನಲ್ಲಿ ಎಂ17ಎನ್ ಎಂಬ ಟೈಪಿಂಗ್ ಸಲಕರಣೆಯ ಮೂಲಕ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸ ಪಾಠ ಬೇಡ. ನುಡಿ ಫಾಂಟಿನ ಹಳೆ ಬರಹಗಳನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್‌ಗೆ ಬದಲಿಸೋಕೆ ಮಾತ್ರ ಎರಡು ಸಂಜೆ ಹಿಡಿಯಿತು.

ಒಂದಕ್ಕೇ ದುಡ್ಡಿದ್ದರೆ ಎಸ್‌ಎಸ್‌ಡಿ ತನ್ನಿ. ಇರೋದು 2 ಜಿಬಿ ರ‍್ಯಾಮ್ ಆದರೆ ಮಾತ್ರ ಮೊದಲು ಅದನ್ನು ಹೆಚ್ಚಿಸಿ. ಅಪ್ಪನ ಹಳೆ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿದ್ದೇನೆ, ಮನೆಯ ಫೋಟೋಗಳ ಎರಡನೇ ಪ್ರತಿ ಈಗ ಅದರಲ್ಲಿದೆ.