ಸಾಣಿಕಟ್ಟಾ ಹರಳುಪ್ಪು: ಮಿಡಿಗೆ ಹೌದು, ಸಾರಿಗೆ ಬೇಡ

ಕಳೆದ ಮಾರ್ಚಿನಲ್ಲಿ ಗೋಕರ್ಣದಿಂದ ಶಿರಸಿಗೆ ವಾಪಸ್ ಬರುವಾಗ ದಾರಿಯ ಅಂಗಡಿಯೊಂದರಲ್ಲಿ ಸಾಣಿಕಟ್ಟಾ ಹರಳುಪ್ಪು ತಗೊಂಡೆ. ಒಟ್ಟು 10 ಕೆ.ಜಿ. ಒಂದು ವರ್ಷ ಬಳಸಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಗದ್ದೆಯಂಥ ಕಟ್ಟೆಗಳಲ್ಲಿ ಉಪ್ಪುನೀರು ನಿಲ್ಲಿಸಿ ಬಿಸಿಲಿಗೆ ಒಣಗಿಸಿ ತೆಗೆಯುವ ಉಪ್ಪು ಇದು. ಹರಳು ದಪ್ಪ, ಬಣ್ಣ ತುಸು ಬೂದು. ಅಪ್ಪೆಮಿಡಿಗೆ ಇದನ್ನೇ ಹಾಕಿದೆ. ಮಿಡಿ ಚೆನ್ನಾಗಿ ಚಿರುಟಿತು, ಭರಣಿಯಲ್ಲಿ ಉಪ್ಪುನೀರು ಮೇಲೆ ನಿಂತಿತು. ಇವತ್ತಿಗೂ ಕಚ್ಚಿದರೆ ಕಟಕ್ ಎನ್ನುತ್ತದೆ. ಮಳೆಗಾಲಕ್ಕೆ ಇಟ್ಟ ಉಪ್ಪುಸೊಳೆಯಲ್ಲಿ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಒಂದೂ ಮೆತ್ತಗಾಗಲಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು, ನಮ್ಮೂರ ಉಪ್ಪಿನ ಮೇಲೆ ನನಗೆ ಪ್ರೀತಿ ಇದ್ದೇ ಇದೆ.

ನನ್ನ ತಕರಾರು ಅಂಗಡಿಯವರ ಮಾತಿನ ಬಗ್ಗೆ. "ಇದರಲ್ಲಿ ಸಮುದ್ರದ ಅಯೋಡಿನ್ ತುಂಬಾ ಇದೆ, ಥೈರಾಯ್ಡ್ ಇದ್ದವರಿಗೆ ಇದೇ ಒಳ್ಳೆಯದು" ಅಂದರು. ನಾನು ಎಂಟು ವರ್ಷದಿಂದ ಥೈರಾಯ್ಡ್ ಮಾತ್ರೆ ತಿನ್ನುವವಳು. ನಂಬಿಬಿಟ್ಟೆ. ಪ್ಯಾಕೆಟ್ ಉಪ್ಪು ನಿಲ್ಲಿಸಿ ಸಾರು, ಪಲ್ಯ, ತಂಬುಳಿ ಎಲ್ಲಕ್ಕೂ ಇದನ್ನೇ ಹಾಕಿದೆ. ಹುಬ್ಬಳ್ಳಿಯಲ್ಲಿರುವ ಮಗಳಿಗೂ 4 ಕೆ.ಜಿ. ಕಳಿಸಿದೆ. ಆಗ ಅವಳು ಮೂರು ತಿಂಗಳ ಬಸುರಿ.

ತಪಾಸಣೆಗೆ ಹೋದಾಗ ಡಾಕ್ಟರು ಅವಳನ್ನು ಕೇಳಿದ್ದು ಮನೆಯಲ್ಲಿ ಯಾವ ಉಪ್ಪು ಅಂತ. ಅವಳು ಫೋನ್ ಮಾಡಿ, "ಆಯಿ, ನೀನು ಕಳಿಸಿದ ಉಪ್ಪಿಗೆ ಅಯೋಡಿನ್ ಹಾಕಿದ್ದಾರಾ?" ಎಂದಳು. ಚೀಲ ತಿರುಗಿಸಿ ನೋಡಿದೆ. ಎಲ್ಲೂ ಬರೆದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಡಾಕ್ಟರು ಲೆಕ್ಕ ಹಾಕಿ ತೋರಿಸಿದರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದ್ದರೆ ಅಯೋಡಿನ್ ಸುಮಾರು 60 ಮೈಕ್ರೋಗ್ರಾಂ ಮಾತ್ರ. ಅದು ಪೂರ್ತಿ ಉಪ್ಪಿನಲ್ಲೇ ಉಳಿದರೂ, ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ 10 ಮೈಕ್ರೋಗ್ರಾಂ ಕೂಡ ಸಿಗುವುದಿಲ್ಲ. ದೊಡ್ಡವರಿಗೆ ಬೇಕಾದದ್ದು 150, ಬಸುರಿಯರಿಗೆ 250. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನ್ ಬೇಕು, ಅದು ತಯಾರಾಗಲು ಅಯೋಡಿನ್ ಬೇಕು. ಕರಾವಳಿಯಲ್ಲಿ ಮೀನು ತಿನ್ನುವವರಿಗೆ ಒಂದಿಷ್ಟು ಅದರಲ್ಲೂ ಸಿಗುತ್ತದೆ. ಮೀನು ತಿನ್ನದ ನಮ್ಮಂಥ ಹವ್ಯಕರ ಮನೆಯಲ್ಲಿ ಹಾಲು, ಮೊಸರು ಬಿಟ್ಟರೆ ಉಪ್ಪೇ ಗತಿ, ಅಲ್ವಾ? ಅಯೋಡಿನ್ ಹಾಕಿದ ಉಪ್ಪು ನಮ್ಮ ಕೈಗೆ ಬರುವಾಗ ಕೆ.ಜಿ.ಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು ಎಂಬ ನಿಯಮ ಇರುವುದು ಇದಕ್ಕೇ. ಸೈಂಧವ ಲವಣ ಆರೋಗ್ಯಕ್ಕೆ ಒಳ್ಳೆಯದೆಂದು ತಿನ್ನುವವರೂ ಪ್ಯಾಕೆಟ್ ಓದಿ ನೋಡಿ.

ಮಗಳ ರಿಪೋರ್ಟ್ ಸರಿಯಾಗಿಯೇ ಬಂತು. ನನ್ನ ಟಿಎಸ್‌ಎಚ್ (ಥೈರಾಯ್ಡ್ ಸರಿ ಇದೆಯೇ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಕೂಡ ಮೇಲೆ ಹೋಗಲಿಲ್ಲ. ನನ್ನದು ದೇಹವೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ತೊಂದರೆ. ಅದಕ್ಕೆ ಯಾವ ಉಪ್ಪೂ ಔಷಧಿ ಅಲ್ಲ, ಅಯೋಡಿನ್ ಅತಿಯಾದರೂ ಕೆಟ್ಟದ್ದೇ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ, ಒಂದು ಗಂಟೆ ಬಿಟ್ಟು ಚಾ. ನನ್ನ ಮಟ್ಟಿಗೆ ಅದು ತಪ್ಪಬಾರದು. ಎಲೆಕೋಸು, ಮೂಲಂಗಿಯನ್ನು ಬೇಯಿಸಿ ಹಿತಮಿತವಾಗಿ ತಿಂದರೆ ತೊಂದರೆ ಇಲ್ಲವಂತೆ. ಥೈರಾಯ್ಡ್‌ಗೆ ಆಗದು ಎಂದು ಇಷ್ಟು ವರ್ಷ ಸುಮ್ನೆ ಬಿಟ್ಟಿದ್ದೆ.

ಉಪ್ಪಿನಕಾಯಿಗೆ ಈ ಉಪ್ಪಿಗೆ ಐದಕ್ಕೆ ಐದು. ದಿನದ ಅಡುಗೆಗೆ, ಅದರಲ್ಲೂ ಬಸುರಿ ಬಾಣಂತಿಯರ ಮನೆಗೆ, ಚೀಲದ ಮೇಲೆ ಅಯೋಡಿನ್ ಎಂದು ಬರೆದಿಲ್ಲದಿದ್ದರೆ ದಯವಿಟ್ಟು ತರಬೇಡಿ. ಹರಳೇ ಬೇಕೆಂದರೆ ಅಯೋಡಿನ್ ಹಾಕಿದ ಹರಳುಪ್ಪೂ ಸಿಗುತ್ತದೆ. ಒಲೆ ಪಕ್ಕ ತೆರೆದೇ ಇರುತ್ತಿದ್ದ ಅಜ್ಜಿಯ ಕಾಲದ ಉಪ್ಪಿನ ಮರಿಗೆಯನ್ನು ನಾನು ಅಟ್ಟಕ್ಕೆ ಏರಿಸಿದೆ. ಬಿಸಿ, ತೇವ ತಗುಲಿದರೆ ಅಯೋಡಿನ್ ಹೋಗುತ್ತದೆ. ಈಗ ಮುಚ್ಚಳ ಬಿಗಿಯಾದ ಡಬ್ಬಿ, ಸಾರಿಗೆ ಉಪ್ಪು ಹಾಕುವುದು ಒಲೆಯಿಂದ ಇಳಿಸುವ ಹೊತ್ತಿಗೆ.

ಮಗಳು ಬಾಣಂತನಕ್ಕೆ ಬರುವಾಗ ಉಳಿದ 3 ಕೆ.ಜಿ. ಹರಳುಪ್ಪನ್ನು ವಾಪಸ್ ತಂದಳು. ಈ ಸಲದ ಮಿಡಿಗೆ ಅದು ಸಾಕಾಯಿತು.