ಗುಲಾಮಗಿರಿಗೆ ಪರಿಹಾರ: ನಗದೇ, ಮನೆಯೇ, ಸಾಲಮನ್ನಾವೇ?

ಗುಲಾಮರಾಗಿದ್ದವರ ಸಂತತಿಗೆ ಪರಿಹಾರವಾಗಿ ನೇರ ನಗದು, ವಸತಿ ನೆರವು, ದೇಶಗಳ ಸಾಲಮನ್ನಾ: ಚರ್ಚಾಸ್ಪರ್ಧೆಯಲ್ಲಿ ಈ ಮೂರರಲ್ಲಿ ಯಾವುದರ ಪರ ನಿಲ್ಲಲಿ ಎಂದು ಕೇಳಿದ್ದೀರಿ. ವೆಚ್ಚದ ಆಕ್ಷೇಪಕ್ಕೆ ಅಂಜಬೇಡಿ. ಗುಲಾಮಗಿರಿ ರದ್ದುಪಡಿಸಿದ 1833ರ ಕಾಯ್ದೆಯಡಿ ಬ್ರಿಟನ್ 2 ಕೋಟಿ ಪೌಂಡ್ ಕೊಟ್ಟಿತು, ಅದೂ ಗುಲಾಮರಿಗಲ್ಲ, ಮಾಲೀಕರಿಗೆ!

ನಿಜವಾದ ತೊಡಕು ಅರ್ಹತೆಯದು. ಅಮೆರಿಕದ 1850 ಮತ್ತು 1860ರ ಗಣತಿಯ ಗುಲಾಮರ ಪಟ್ಟಿಗಳಲ್ಲಿ ಮಾಲೀಕನ ಹೆಸರಿದೆ. ಅದರ ಕೆಳಗೆ ಬಹುತೇಕ ಬರೀ ವಯಸ್ಸು, ಲಿಂಗ, ಬಣ್ಣ. ಹೆಸರೇ ಅಳಿಸಿದವರ ಮೊಮ್ಮಕ್ಕಳಿಂದ ವಂಶಾವಳಿ ಕೇಳುವುದು ಅನ್ಯಾಯ. ನೇರ ನಗದು ಎಡವುವುದು ಇಲ್ಲೇ. ಆದರೂ ಸಂತ್ರಸ್ತರ ಆಯ್ಕೆಯ ಸ್ವಾತಂತ್ರ್ಯವೇ ನಿಮಗೆ ಮುಖ್ಯವಾದರೆ ಅದನ್ನೇ ಹಿಡಿಯಿರಿ.

ಇನ್ನು ಮನೆ. ಅಮೆರಿಕದ ಇವಾನ್‌ಸ್ಟನ್ ನಗರ 1919–1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೂ ಅವರ ಸಂತತಿಗೂ 25,000 ಡಾಲರ್ ವಸತಿ ನೆರವು ನೀಡಿತು. ದಾಖಲೆ ಹುಡುಕುವುದು ಸುಲಭ. ಸ್ಥಳೀಯ ವಾದಕ್ಕೆ ಇದು ಗಟ್ಟಿ. ಆದರೆ ಇದು ವಸತಿ ತಾರತಮ್ಯಕ್ಕೆ ಕೊಟ್ಟದ್ದು, ಗುಲಾಮಗಿರಿಗಲ್ಲ.

ಕೆರಿಬಿಯನ್ ದೇಶಗಳ ಒಕ್ಕೂಟ 2014ರಲ್ಲಿ ಬೇಡಿಕೆಯಾಗಿ ಮುಂದಿಟ್ಟ ಸಾಲಮನ್ನಾ, ಆರೋಗ್ಯ ನೆರವುಗಳು ವ್ಯಕ್ತಿಗಲ್ಲ, ದೇಶಕ್ಕೆ ಸಲ್ಲುವುದರಿಂದ ವಂಶಾವಳಿ ಬೇಡ. ದೇಶ ದೇಶಗಳ ನಡುವಿನ ಚರ್ಚೆಗೆ ಅದೇ ಸೂಕ್ತ.